ಇಂಗ್ಲಿಷ್ ಎಂ.ಎ., ಪಿಎಚ್‌.ಡಿ. ಅರ್ಜಿ: ಮೊದಲು ಬರೆಯಬೇಕಾದದ್ದು ಎಸ್‌ಒಪಿ ಅಲ್ಲ

ಇಂಗ್ಲಿಷ್ ಸಾಹಿತ್ಯದಲ್ಲಿ ಮುಂದೆ ಓದಬೇಕು ಎಂದು ಹೊರಟವರು ಮೊದಲು ತೆರೆಯುವ ಫೈಲು ಎಸ್‌ಒಪಿಯದು, ಅಂದರೆ ಸ್ಟೇಟ್‌ಮೆಂಟ್ ಆಫ್ ಪರ್ಪಸ್, ಏನು ಓದಬೇಕು, ಯಾಕೆ ಎಂದು ಅರ್ಜಿದಾರರು ಬರೆಯುವ ಹೇಳಿಕೆ. ಎರಡು ತಿಂಗಳು ಅದನ್ನೇ ತಿದ್ದಿ ತೀಡಿ, ನಾಲ್ಕು ಜನಕ್ಕೆ ತೋರಿಸುತ್ತಾರೆ. ಕೊನೆಯ ವಾರ ಎರಡನೇ ಸೆಮಿಸ್ಟರಿನ ಯಾವುದೋ ಅಸೈನ್‌ಮೆಂಟನ್ನು ರೈಟಿಂಗ್ ಸ್ಯಾಂಪಲ್, ಅಂದರೆ ತಮ್ಮ ಬರವಣಿಗೆಯ ಮಾದರಿ ಲೇಖನ, ಎಂದು ಲಗತ್ತಿಸಿ ಕಳಿಸಿಬಿಡುತ್ತಾರೆ. ಮುಂಬಯಿ ಕನ್ನಡಿಗರಾದ ನಮ್ಮ ಮನೆಗಳಲ್ಲಿ ಹೀಗಾಗುವುದಕ್ಕೆ ಕಾರಣವಿದೆ. ಮುಲುಂಡಿನಲ್ಲಾಗಲಿ ಡೊಂಬಿವಲಿಯಲ್ಲಾಗಲಿ, ನೆಂಟರಿಷ್ಟರಲ್ಲಿ ವಿದೇಶಕ್ಕೆ ಅರ್ಜಿ ಹಾಕಿದ ಅಣ್ಣನೋ ಅಕ್ಕನೋ ಇದ್ದರೆ ಅವರು ಎಂಜಿನಿಯರಿಂಗ್‌ನವರು, ಇಲ್ಲವೇ ಎಂಬಿಎಯವರು. ಅವರು ಹೇಳಿಕೊಡುವುದು ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆಯ ಅಂಕ, ಎಸ್‌ಒಪಿ, ರ‍್ಯಾಂಕಿಂಗ್. ಅವರ ವಿಷಯಕ್ಕೆ ಅದು ಸರಿ. ಆದರೆ ಸಾಹಿತ್ಯ ವಿಭಾಗದ ಆಯ್ಕೆ ಸಮಿತಿಯಲ್ಲಿ ಕೂತಿರುವವರು ಪಠ್ಯ ಓದುವುದನ್ನೇ ಕಸುಬು ಮಾಡಿಕೊಂಡವರು. ಅವರು ತೂಗಿ ನೋಡುವುದು ನೀವು ಒಂದು ಪಠ್ಯವನ್ನು ಹೇಗೆ ಓದುತ್ತೀರಿ ಎಂಬುದನ್ನು. ಅದು ಗೊತ್ತಾಗುವುದು ಆ ಹದಿನೈದು ಇಪ್ಪತ್ತು ಪುಟದ ಸ್ಯಾಂಪಲಿನಲ್ಲಿ ಮಾತ್ರ.

ಅದಕ್ಕೇ ನಾನು ಹೇಳುವ ಕ್ರಮ ಉಲ್ಟಾ. ಮೊದಲು ಪ್ರಶ್ನೆ, ಆಮೇಲೆ ಸ್ಯಾಂಪಲ್, ಅದು ಮುಗಿದ ಮೇಲೆ ಎಸ್‌ಒಪಿ. ಸ್ಯಾಂಪಲ್ ಚೆನ್ನಾಗಿ ಬಂದರೆ ಎಸ್‌ಒಪಿ ಹತ್ತು ದಿನದ ಕೆಲಸ.

ಅದಕ್ಕೂ ಮುಂಚೆ ಎಲ್ಲಿಗೆ ಎನ್ನುವುದು ತೀರ್ಮಾನವಾಗಬೇಕು. ಒಂದೊಂದು ದಾರಿಗೂ ಬೇರೆ ಬೇರೆ ಸಾಮಾನು ಬೇಕು. ಇಲ್ಲೇ ಎಂ.ಎ. ಮಾಡುವುದಾದರೆ ಪ್ರವೇಶ ಪರೀಕ್ಷೆ ಮತ್ತು ಡಿಗ್ರಿಯ ಅಂಕ, ಅಷ್ಟೇ. ಬ್ರಿಟನ್ನಿನ ಎಂ.ಎ. ಒಂದು ವರ್ಷದ್ದು, 180 ಕ್ರೆಡಿಟ್, ಕೊನೆಯಲ್ಲಿ ಒಂದು ಡಿಸರ್ಟೇಶನ್, ಅಂದರೆ ಸಂಶೋಧನಾ ಪ್ರಬಂಧ. ಸ್ಕಾಲರ್‌ಶಿಪ್ ಸಿಗದಿದ್ದರೆ ಪೂರ್ತಿ ಫೀಸು ಕೈಯಿಂದಲೇ. ಬ್ರಿಟನ್ನಿನ ಪಿಎಚ್‌.ಡಿ.ಗೆ ಸಂಶೋಧನಾ ಪ್ರಸ್ತಾವ ಬೇಕು, ಮಾರ್ಗದರ್ಶಕರಿಗೆ ಮೊದಲೇ ಇಮೇಲ್ ಬರೆದು ಮಾತಾಡಿಕೊಂಡಿರಬೇಕು. ಅಮೆರಿಕದ ಪಿಎಚ್‌.ಡಿ. ಐದಾರು ವರ್ಷದ್ದು. ಒಳ್ಳೆಯ ವಿಭಾಗಗಳಲ್ಲಿ ಫೀಸು ಮಾಫಿ, ಮೇಲೆ ಸ್ಟೈಪೆಂಡ್, ಬದಲಿಗೆ ನೀವು ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಬರವಣಿಗೆ ಕಲಿಸಬೇಕು. ಅಲ್ಲಿ ಬಿ.ಎ. ಆದ ಮೇಲೆ ನೇರವಾಗಿ ಪಿಎಚ್‌.ಡಿ.ಗೆ ಅರ್ಜಿ ಹಾಕಬಹುದು, ಆದರೆ ಬರೀ ಎಂ.ಎ.ಗೆ ಹಣ ಸಿಗುವುದು ಅಪರೂಪ. ಮನೆ ಅಡವಿಟ್ಟು ಸಾಲ ಮಾಡಿ ಅಮೆರಿಕದಲ್ಲಿ ಇಂಗ್ಲಿಷ್ ಎಂ.ಎ. ಮಾಡಿ ಎಂದು ನಾನು ಯಾರಿಗೂ ಹೇಳಲಾರೆ. ಓದು ಮುಗಿಸಿ ಬಂದಾಗ ಆ ಸಾಲ ತೀರಿಸುವಂಥ ಸಂಬಳದ ಕೆಲಸ ಈ ವಿಷಯದಲ್ಲಿ ಕಾದು ಕೂತಿರುವುದಿಲ್ಲ.

ಮೂರು ವರ್ಷದ ಬಿ.ಎ. ಇರುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಬ್ರಿಟನ್ನಿಗೆ ಅದು ಸಾಕು. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಡಿಗ್ರಿಯನ್ನೇ ಕೇಳುತ್ತವೆ, ಕೆಲವು ಮೂರು ವರ್ಷದ್ದನ್ನೂ ಒಪ್ಪುತ್ತವೆ. ಮೂರು ವರ್ಷದ ಬಿ.ಎ. ಮೇಲೆ ಎರಡು ವರ್ಷದ ಎಂ.ಎ. ಆಗಿದ್ದರೆ ಈ ತೊಡಕು ಸಾಮಾನ್ಯವಾಗಿ ಬರುವುದಿಲ್ಲ. ಇದು ವಿಭಾಗದ ಪುಟದಲ್ಲಿ ಇರುವುದಿಲ್ಲ, ಎಲ್ಲ ವಿಭಾಗಗಳ ಸ್ನಾತಕೋತ್ತರ ಪ್ರವೇಶ ನೋಡಿಕೊಳ್ಳುವ ಗ್ರ್ಯಾಜುಯೇಟ್ ಸ್ಕೂಲಿನ ಪುಟದಲ್ಲಿ ಇರುತ್ತದೆ. ಎರಡನ್ನೂ ಓದಿ. ಹಾಗೆಯೇ ಆ ವರ್ಷ ಪ್ರವೇಶ ತೆರೆದಿದೆಯೇ ಎಂಬುದನ್ನೂ ನೋಡಿ. ಬಾಸ್ಟನ್ ವಿಶ್ವವಿದ್ಯಾಲಯ 2024ರ ನವೆಂಬರಿನಲ್ಲಿ ಇಂಗ್ಲಿಷ್ ಸೇರಿ ಹನ್ನೆರಡು ಮಾನವಿಕ ಮತ್ತು ಸಮಾಜ ವಿಜ್ಞಾನ ವಿಷಯಗಳ ಪಿಎಚ್‌.ಡಿ. ಪ್ರವೇಶವನ್ನು ಮುಂದಿನ ವರ್ಷಕ್ಕೆ ನಿಲ್ಲಿಸಿತು. ಹೋದ ವರ್ಷದ ಪಟ್ಟಿ ಹಿಡಿದು ಹೊರಟರೆ ಶ್ರಮ ದಂಡ.

ಈಗ ಪ್ರಶ್ನೆಗೆ ಬರೋಣ. "ನನಗೆ ಪೋಸ್ಟ್‌ಕಲೋನಿಯಲ್ ಸಾಹಿತ್ಯದಲ್ಲಿ ಆಸಕ್ತಿ" ಎನ್ನುವುದು ಪ್ರಶ್ನೆಯಲ್ಲ, ಅದು ಲೈಬ್ರರಿಯ ಒಂದು ಕಪಾಟಿನ ಹೆಸರು. "ಮುಂಬಯಿ ಸಾಹಿತ್ಯದಲ್ಲಿ ನಗರ" ಎಂಬುದೂ ಹಾಗೆಯೇ. ಒಂದು ಉದಾಹರಣೆಯನ್ನು ಕೊನೆಯವರೆಗೂ ಎಳೆದುಕೊಂಡು ಹೋಗೋಣ. ಮುಂಬಯಿಯ ಇಂಗ್ಲಿಷ್ ಕವಿಗಳನ್ನೂ ಇದೇ ಊರನ್ನು ಬರೆದ ಕನ್ನಡ ಕಥೆಗಾರರನ್ನೂ ಒಟ್ಟಿಗೆ ಓದಬೇಕು ಎಂದು ಒಬ್ಬ ವಿದ್ಯಾರ್ಥಿನಿಗೆ ಅನ್ನಿಸಿದೆ ಎಂದುಕೊಳ್ಳಿ. ಒಂದು ಕಡೆ ನಿಸ್ಸಿಮ್ ಎಜೆಕಿಯಲ್, ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಬರೆದ ಅರುಣ್ ಕೊಲಟ್ಕರ್. ಇನ್ನೊಂದು ಕಡೆ ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳ, ಜಯಂತ ಕಾಯ್ಕಿಣಿ. ಇಷ್ಟಕ್ಕೇ ನಿಂತರೆ ಅದು ಎರಡು ಪಟ್ಟಿ.

ಅದನ್ನು ಕಿರಿದು ಮಾಡಿ. ನಗರ ಬೇಡ, ಹೋಟೆಲು ಸಾಕು. ಹೋಟೆಲಿನಲ್ಲೂ ಮೇಜು ಸಾಕು. ಇಂಗ್ಲಿಷ್ ಕವಿತೆಯಲ್ಲಿ ಮಾತಾಡುವವನು ಮೇಜಿನ ಈಚೆ ಕೂತು ಚಹಾ ಕುಡಿಯುತ್ತ ಬೀದಿ ನೋಡುತ್ತಾನೆಯೇ? ಕನ್ನಡ ಕಥೆಯಲ್ಲಿ ಅದೇ ಮೇಜನ್ನು ಒರೆಸುವ ಹುಡುಗನ ಕಡೆಯಿಂದ ನೋಟ ಹೊರಡುತ್ತದೆಯೇ? ಹಾಗಿದ್ದರೆ ವಾಕ್ಯದ ಕರ್ತೃ ಯಾರು, ಕ್ರಿಯಾಪದ ಯಾವುದು, ಕಾಲ ಯಾವುದು? ಈಗ ಅದು ಪ್ರಶ್ನೆಯಾಯಿತು, ಯಾಕೆಂದರೆ ಇದಕ್ಕೆ ತಪ್ಪು ಉತ್ತರವೂ ಇರಲು ಸಾಧ್ಯ. ಪುಟ ತೆರೆದು ನೋಡಿದಾಗ ಕನ್ನಡ ಕಥೆಗಳಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಮಾಲಕನ ನೋಟವೇ ಹೆಚ್ಚಿದೆ ಎಂದು ಕಂಡರೆ ವಾದ ಬದಲಾಗಬೇಕು. ಹೀಗೆ ಪಠ್ಯ ನಿಮ್ಮ ವಾದವನ್ನು ತಿದ್ದಲು ನೀವು ಬಿಟ್ಟ ಗುರುತು ಸ್ಯಾಂಪಲಿನಲ್ಲಿ ಕಂಡರೆ ಸಮಿತಿಗೆ ಅದಕ್ಕಿಂತ ದೊಡ್ಡ ಶಿಫಾರಸು ಬೇಕಿಲ್ಲ.

ಸ್ಯಾಂಪಲ್ ಎಷ್ಟು ಉದ್ದ? ಅಮೆರಿಕದ ವಿಭಾಗಗಳು ಹೆಚ್ಚಾಗಿ 15ರಿಂದ 20 ಪುಟ ಕೇಳುತ್ತವೆ. 12 ಪಾಯಿಂಟ್ ಅಕ್ಷರ, ಡಬಲ್ ಸ್ಪೇಸ್, ನಾಲ್ಕೂ ಕಡೆ ಒಂದಿಂಚು ಅಂಚು. ಪುಟಕ್ಕೆ 275ರಿಂದ 300 ಪದವೆಂದು ಹಿಡಿದರೆ ನಾಲ್ಕರಿಂದ ಆರು ಸಾವಿರ ಪದ. ಬ್ರಿಟನ್ನಿನ ಎಂ.ಎ.ಗೆ ಎರಡು ಮೂರು ಸಾವಿರ ಪದ ಸಾಕಾಗುತ್ತದೆ. ಒಂದೇ ಲೇಖನವನ್ನು ಎರಡು ಅಳತೆಯಲ್ಲಿ ಇಟ್ಟುಕೊಳ್ಳಿ. ಚಿಕ್ಕದು ಬೇಕಾದಾಗ ದೊಡ್ಡದರ ಮೊದಲ ಹತ್ತು ಪುಟ ಕತ್ತರಿಸಿ ಕಳಿಸಬೇಡಿ, ವಾದ ಅರ್ಧಕ್ಕೇ ನಿಲ್ಲುತ್ತದೆ. ಒಂದು ಪಠ್ಯವನ್ನು ಪೂರ್ತಿ ತೆಗೆದು, ಉಳಿದದ್ದನ್ನು ಮತ್ತೆ ಹೊಲಿಯಿರಿ. ಉಲ್ಲೇಖಕ್ಕೆ ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಶನ್) ಕೈಪಿಡಿಯ 2021ರ 9ನೇ ಆವೃತ್ತಿ.

ನಮ್ಮ ಕಾಲೇಜಿನ ಅಸೈನ್‌ಮೆಂಟಿಗೆ ಒಂದು ಅಚ್ಚು ಇದೆ. ಮೊದಲು ಲೇಖಕರು ಹುಟ್ಟಿದ ಊರು, ಪಡೆದ ಪ್ರಶಸ್ತಿ. ಆಮೇಲೆ ಕಥೆಯ ಸಾರಾಂಶ. ಆಮೇಲೆ ಒಬ್ಬ ಸಿದ್ಧಾಂತಕಾರರ ವ್ಯಾಖ್ಯೆ. ಕೊನೆಗೆ "ಹೀಗೆ ಈ ಕೃತಿಯಲ್ಲಿ ಅದು ಕಂಡುಬರುತ್ತದೆ." ಪರೀಕ್ಷೆಯಲ್ಲಿ ಅಂಕ ತರುವ ಅಚ್ಚು ಇದು, ಸ್ಯಾಂಪಲಿಗೆ ಒಗ್ಗದು. ತಿದ್ದುವಾಗ ಮೊದಲ ಎರಡು ಪುಟ ಪೂರ್ತಿ ಅಳಿಸಿ, ಮೂರನೇ ಪುಟದಿಂದ ಓದಿ ನೋಡಿ. ಬಹುಪಾಲು ಲೇಖನಗಳು ನಿಜವಾಗಿ ಶುರುವಾಗುವುದೇ ಅಲ್ಲಿ. ಮೊದಲ ಪುಟ ಮುಗಿಯುವುದರೊಳಗೆ ನಿಮ್ಮ ವಾದ ಒಂದು ವಾಕ್ಯದಲ್ಲಿ ಬಂದಿರಬೇಕು. ಆಮೇಲೆ ಪ್ರತಿ ಉದ್ಧರಣೆಯ ಕೆಳಗೂ ಅದರ ಎರಡರಷ್ಟು ಉದ್ದದ ನಿಮ್ಮ ಓದು ಇದೆಯೇ ಎಂದು ಪೆನ್ಸಿಲ್ ಹಿಡಿದು ಗುರುತು ಹಾಕಿ. ಎಂಟು ಸಾಲಿನ ಉದ್ಧರಣೆ, ಅದರಡಿಗೆ ಒಂದು ಸಾಲಿನ "ಇದು ಅನ್ಯತಾಭಾವವನ್ನು ಸೂಚಿಸುತ್ತದೆ" ಎಂದಿದ್ದರೆ ಉದ್ಧರಣೆ ಮೂರು ಸಾಲಿಗೆ ಇಳಿಯಲಿ, ಓದು ಹತ್ತು ಸಾಲಿಗೆ ಏರಲಿ. ವಿಮರ್ಶಕರು ನಾಲ್ಕೈದು ಜನ ಸಾಕು. ಅದರಲ್ಲಿ ಒಬ್ಬರ ಜೊತೆಗಾದರೂ ನೀವು ಭಿನ್ನಾಭಿಪ್ರಾಯ ಹೊಂದಿರಬೇಕು, ಕಾರಣ ಸಹಿತ. ಅವರಲ್ಲಿ ಇಬ್ಬರು ಕಳೆದ ಹತ್ತು ವರ್ಷದಲ್ಲಿ ಬರೆದವರಾಗಿರಲಿ. ಎಲ್ಲರೂ ಎಂಬತ್ತರ ದಶಕದವರೇ ಆದರೆ ಸಿಲಬಸ್ ಬಿಟ್ಟು ಹೊರಗೆ ಓದಿಲ್ಲ ಎಂಬುದು ಗೊತ್ತಾಗಿಬಿಡುತ್ತದೆ.

ಹೊಸ ಲೇಖನಗಳು ಸಿಗುವುದು ಕಷ್ಟವೇನಲ್ಲ. ಜೆಸ್ಟೋರ್ ಎಂಬ ಆನ್‌ಲೈನ್ ಜರ್ನಲ್ ಭಂಡಾರದಲ್ಲಿ ಉಚಿತ ಖಾತೆ ತೆರೆದರೆ ತಿಂಗಳಿಗೆ 100 ಲೇಖನ ಆನ್‌ಲೈನ್ ಓದಬಹುದು. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಇರುವವರಿಗೆ 2025ರ ಜನವರಿಯಿಂದ ಕೇಂದ್ರ ಸರ್ಕಾರವೇ ಜರ್ನಲ್‌ಗಳ ಚಂದಾ ಕಟ್ಟುವ ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಶನ್ ಯೋಜನೆ ಇದೆ, ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ಪ್ರೆಸ್ಸುಗಳ ಜರ್ನಲ್‌ಗಳು ಅದರಲ್ಲಿ ಬರುತ್ತವೆ. ಹಳೆಯ ಮುಂಬಯಿಯ ಸಾಮಗ್ರಿ ಬೇಕಾದವರಿಗೆ ಫೋರ್ಟಿನ ಟೌನ್ ಹಾಲ್‌ನಲ್ಲಿ ಏಷ್ಯಾಟಿಕ್ ಸೊಸೈಟಿಯ ಲೈಬ್ರರಿ ಇದೆ. ಕನ್ನಡದ ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಆರ್ಕೈವ್ ಡಾಟ್ ಆರ್ಗ್‌ನಲ್ಲಿ ರಾಶಿ ರಾಶಿ ಇವೆ.

ಕನ್ನಡದ ಸಾಲುಗಳನ್ನು ಸ್ಯಾಂಪಲಿನಲ್ಲಿ ತರುವುದು ಹೇಗೆ ಎನ್ನುವುದನ್ನು ಯಾರೂ ಹೇಳಿಕೊಡುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮುಖ್ಯ ಪಠ್ಯದಲ್ಲಿ ಇಂಗ್ಲಿಷ್ ಅನುವಾದ, ಅಡಿಟಿಪ್ಪಣಿಯಲ್ಲಿ ಕನ್ನಡ ಮೂಲ. ಅನುವಾದ ನಿಮ್ಮದೇ ಆದರೆ ಮೊದಲ ಟಿಪ್ಪಣಿಯಲ್ಲೇ ಹಾಗೆಂದು ಬರೆಯಿರಿ. ಪ್ರಕಟಿತ ಅನುವಾದ ಇದ್ದರೆ ಅದನ್ನು ಬಳಸಿ, ಎಲ್ಲಿ ನಿಮಗೆ ಒಪ್ಪಿಗೆಯಿಲ್ಲವೋ ಅಲ್ಲಿ ಒಂದು ಪದ ಹಿಡಿದು ಚರ್ಚಿಸಿ. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳನ್ನು ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದಿದ್ದಾರೆ, ಅದಕ್ಕೆ 2018ರ ಸಾಲಿನ, ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡುವ ಡಿಎಸ್‌ಸಿ ಪ್ರಶಸ್ತಿ ಬಂತು. ಮೂಲ, ಅನುವಾದ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಬಲ್ಲವರು ಅಲ್ಲಿನ ಅರ್ಜಿದಾರರಲ್ಲಿ ಎಷ್ಟು ಜನ ಇದ್ದಾರು? ಆ ಒಂದು ಪುಟದ ಚರ್ಚೆ ನಿಮ್ಮ ಅರ್ಜಿಯ ಅತ್ಯಂತ ಬೆಲೆಬಾಳುವ ಪುಟ. ಹಾಗೆಂದು ಕನ್ನಡವನ್ನು ಅಲಂಕಾರಕ್ಕೆ ಸಿಕ್ಕಿಸಬಾರದು. ಬಾನು ಮುಷ್ತಾಕ್ ಮತ್ತು ದೀಪಾ ಭಾಸ್ತಿಯವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಕನ್ನಡದ ಹೆಸರು ಹೇಳಿದರೆ ಸಮಿತಿಗೆ ಗೊತ್ತು, ಆದರೆ ಆ ಹೆಸರು ಹೇಳಿ ಸುಮ್ಮನಾಗುವ ಎಸ್‌ಒಪಿಗಳೂ ಅಷ್ಟೇ ಬರುತ್ತವೆ.

ತಾಂತ್ರಿಕವಾಗಿ ಕೆಡುವುದು ಇಲ್ಲಿ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ ಅಲ್ಲದಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಯೂನಿಕೋಡಿನಲ್ಲೇ ಟೈಪ್ ಮಾಡಿ, ವರ್ಡ್ ಫೈಲನ್ನು ಹಾಗೆಯೇ ಏರಿಸದೆ ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಮಾಡಿ. ಅರ್ಜಿ ಸಲ್ಲಿಸುವ ಪೋರ್ಟಲ್ ನಿಮ್ಮ ಫೈಲನ್ನು ತಾನೇ ಇನ್ನೊಮ್ಮೆ ಪಿಡಿಎಫ್ ಮಾಡಿಕೊಳ್ಳುತ್ತದೆ. ಆ ಪ್ರಿವ್ಯೂ ತೆರೆದು ಒತ್ತಕ್ಷರಗಳು ಒಡೆದಿವೆಯೇ ನೋಡಿ. "ಸ್ತ್ರೀ" ಎಂಬ ಒಂದು ಪದವನ್ನು ನೋಡಿದರೆ ಸಾಕು, ಅದು ನೆಟ್ಟಗಿದ್ದರೆ ಉಳಿದದ್ದೂ ಸಾಮಾನ್ಯವಾಗಿ ನೆಟ್ಟಗಿರುತ್ತದೆ. ರೋಮನ್ ಲಿಪಿಯಲ್ಲಿ ಬರೆಯುವುದಾದರೆ ಒಂದೇ ಲಿಪ್ಯಂತರ ಪದ್ಧತಿ ಕೊನೆಯವರೆಗೂ ಇರಲಿ. ಒಂದು ಕಡೆ ದೀರ್ಘಕ್ಕೆ ಮೇಲೆ ಗೆರೆ, ಇನ್ನೊಂದು ಕಡೆ ಎರಡು ಅಕ್ಷರ ಎಂದಾದರೆ ಅಜಾಗರೂಕತೆ ಎದ್ದು ಕಾಣುತ್ತದೆ.

ಸ್ಯಾಂಪಲ್ ಕೈಗೆ ಬಂದ ಮೇಲೆ ಎಸ್‌ಒಪಿ. 800ರಿಂದ 1000 ಪದ, ಎರಡು ಪುಟ. ಕೆಲವೆಡೆ 500 ಎಂದರೆ 500 ಮಾತ್ರ. "ಚಿಕ್ಕಂದಿನಿಂದಲೂ ಪುಸ್ತಕವೆಂದರೆ ನನಗೆ ಪ್ರಾಣ" ಎಂಬ ಮೊದಲ ವಾಕ್ಯವನ್ನು ಅಳಿಸಿ. ಅಜ್ಜಿ ಹೇಳಿದ ಕಥೆ, ಮಳೆಗಾಲದ ಕಿಟಕಿ, ಇವೂ ಬೇಡ. ಪುಸ್ತಕ ಪ್ರೀತಿಸದವರು ಯಾರೂ ಈ ಅರ್ಜಿ ಹಾಕುವುದಿಲ್ಲ. ನಮ್ಮ ವಿದ್ಯಾರ್ಥಿನಿಯ ಮೊದಲ ಸಾಲು ಹೀಗಿರಬಹುದು: "ಮುಂಬಯಿಯ ಹೋಟೆಲನ್ನು ಗಿರಾಕಿಯ ಕಣ್ಣಿನಿಂದ ಬರೆದ ಇಂಗ್ಲಿಷ್ ಕವಿತೆಯನ್ನೂ ದುಡಿಯುವವನ ಕಣ್ಣಿನಿಂದ ಬರೆದ ಕನ್ನಡ ಕಥೆಯನ್ನೂ ಒಟ್ಟಿಗೆ ಓದಿದಾಗ 'ಬಾಂಬೆ ಸಾಹಿತ್ಯ' ಎಂಬ ವಿಂಗಡಣೆ ಯಾರದ್ದು ಎಂಬ ಪ್ರಶ್ನೆ ಏಳುತ್ತದೆ." ಅಲ್ಲಿಂದ ಮುಂದೆ ಈ ಪ್ರಶ್ನೆ ಯಾವ ಕೋರ್ಸಿನಲ್ಲಿ, ಯಾವ ಪಠ್ಯದಿಂದ ಹುಟ್ಟಿತು, ಈವರೆಗೆ ಏನು ಮಾಡಿದ್ದೀರಿ, ಇನ್ನು ಏನು ಕಲಿಯಬೇಕಿದೆ. ಕೊನೆಯ ಕಾಲು ಭಾಗ ಆ ವಿಭಾಗವೇ ಯಾಕೆ ಎಂಬುದಕ್ಕೆ.

ಆ ಕಾಲು ಭಾಗದಲ್ಲೇ ಹೆಚ್ಚು ಜನ ಎಡವುತ್ತಾರೆ. ಎರಡು ಮೂರು ಅಧ್ಯಾಪಕರ ಹೆಸರು ಬರೆಯಬೇಕು, ಆದರೆ ಪ್ರತಿಯೊಬ್ಬರದ್ದೂ ಒಂದು ಲೇಖನವನ್ನಾದರೂ ಓದಿ, ಅದು ನಿಮ್ಮ ಪ್ರಶ್ನೆಗೆ ಎಲ್ಲಿ ತಾಗುತ್ತದೆ ಎಂದು ಒಂದು ವಾಕ್ಯದಲ್ಲಿ ಹೇಳಬೇಕು. ಹೆಸರಿನ ಪಕ್ಕ ಎಮೆರಿಟಸ್ ಎಂದಿದ್ದರೆ ಅವರು ನಿವೃತ್ತರು, ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದು ಬಹಳ ಕಡಿಮೆ. ಹೋದ ವರ್ಷ ಬೇರೆ ವಿಶ್ವವಿದ್ಯಾಲಯಕ್ಕೆ ಹೋದವರ ಹೆಸರೂ ಹಳೆಯ ಪುಟಗಳಲ್ಲಿ ಉಳಿದಿರುತ್ತದೆ. ಇನ್ನು ಹತ್ತು ಅರ್ಜಿಗೆ ಒಂದೇ ಫೈಲು ನಕಲು ಮಾಡುವಾಗ ಹಿಂದಿನ ವಿಶ್ವವಿದ್ಯಾಲಯದ ಹೆಸರು ಒಂದು ಕಡೆ ಉಳಿದುಬಿಡುವುದು. ಫೈಲು ಕಳಿಸುವ ಮುಂಚೆ ಹಿಂದಿನ ಹೆಸರನ್ನು ಫೈಂಡ್‌ನಲ್ಲಿ ಹಾಕಿ ಹುಡುಕಿ.

ಭಾಷೆಯ ಬಗ್ಗೆ ಒಂದು ಮಾತು. ಅಮೆರಿಕದ ಇಂಗ್ಲಿಷ್ ಪಿಎಚ್‌.ಡಿ.ಯಲ್ಲಿ ಇಂಗ್ಲಿಷಲ್ಲದ ಒಂದೆರಡು ಭಾಷೆಯ ಓದುವ ಜ್ಞಾನ ತೋರಿಸಬೇಕಾದ ನಿಯಮ ಹಲವೆಡೆ ಇದೆ. ಸಂಶೋಧನೆಗೆ ಸಂಬಂಧಪಟ್ಟಿದ್ದರೆ ಕನ್ನಡ, ಮರಾಠಿಯನ್ನು ಒಪ್ಪುವ ವಿಭಾಗಗಳಿವೆ, ಇಮೇಲ್ ಬರೆದು ಕೇಳಬೇಕು. ಪರೀಕ್ಷೆ ಎಂದರೆ ಸಾಮಾನ್ಯವಾಗಿ ನಿಘಂಟು ಇಟ್ಟುಕೊಂಡು ಒಂದು ಗದ್ಯಭಾಗ ಅನುವಾದಿಸುವುದು. ಮುಂಬಯಿ, ಪುಣೆಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಕನ್ನಡವನ್ನೋ ತುಳುವನ್ನೋ ಸರಾಗ ಮಾತಾಡಿ ಕನ್ನಡ ಅಕ್ಷರ ಮಾತ್ರ ಬಾರದವರು ಬಹಳ. ಅರ್ಜಿಯಲ್ಲಿ "ಮಾತಾಡುತ್ತೇನೆ" ಮತ್ತು "ಓದುತ್ತೇನೆ" ಎಂಬುದನ್ನು ಬೇರೆ ಬೇರೆಯಾಗಿಯೇ ಬರೆಯಿರಿ. ಮಾತು ಬರುವವರಿಗೆ ಅಕ್ಷರ ಕಲಿತು ಕಥೆ ಓದುವ ಮಟ್ಟಕ್ಕೆ ಬರಲು ದಿನಕ್ಕೆ ಒಂದು ಗಂಟೆಯಂತೆ ಕೆಲವು ತಿಂಗಳು ಸಾಕು. ಮುಂಬಯಿ ವಿಶ್ವವಿದ್ಯಾಲಯದ ಕಲೀನಾದ ವಿದ್ಯಾನಗರಿಯಲ್ಲಿ ಇಂಗ್ಲಿಷ್ ವಿಭಾಗವೂ ಕನ್ನಡ ವಿಭಾಗವೂ ಒಂದೇ ಕ್ಯಾಂಪಸ್ಸಿನಲ್ಲಿವೆ. ಇಂಗ್ಲಿಷ್ ಓದುವವರು ಆ ಇನ್ನೊಂದು ಬಾಗಿಲನ್ನೂ ತಟ್ಟಬೇಕು ಎಂಬುದು ನನ್ನ ಆಸೆ.

ಜಿಆರ್‌ಇಯನ್ನು ಬಹುಪಾಲು ಇಂಗ್ಲಿಷ್ ವಿಭಾಗಗಳು ಕೈಬಿಟ್ಟಿವೆ. ಸಾಹಿತ್ಯದ ಸಬ್ಜೆಕ್ಟ್ ಟೆಸ್ಟ್ ಅಂತೂ 2021ರಲ್ಲೇ ನಿಂತಿತು, ಅದರ ಹಳೆಯ ಗೈಡು ಕೊಳ್ಳಬೇಡಿ. ಇಂಗ್ಲಿಷ್ ಭಾಷಾ ಪರೀಕ್ಷೆಗಳಾದ ಐಇಎಲ್‌ಟಿಎಸ್, ಟೋಫೆಲ್ ಅಂಕ ಎರಡು ವರ್ಷ ಮಾತ್ರ ಊರ್ಜಿತ. ಸಾಹಿತ್ಯಕ್ಕೆ ಐಇಎಲ್‌ಟಿಎಸ್‌ನಲ್ಲಿ 7ರಿಂದ 7.5 ಕೇಳುವುದು ರೂಢಿ. ಒಟ್ಟು ಅಂಕ ಬಂದರೂ ಬರವಣಿಗೆ ವಿಭಾಗದ ಕನಿಷ್ಠ ಅಂಕ ಬಾರದೆ ತಿರಸ್ಕಾರವಾಗುವುದುಂಟು.

ಶಿಫಾರಸು ಪತ್ರ ಮೂರು. ಕೊನೆಯ ದಿನಾಂಕಕ್ಕೆ ಎಂಟು ವಾರ ಮುಂಚೆ ಹೋಗಿ ಕೇಳಿ. ಪ್ರಿನ್ಸಿಪಾಲರ ಪತ್ರಕ್ಕಿಂತ ನಿಮ್ಮ ಪೇಪರು ತಿದ್ದಿದ ಮೇಡಂ ಬರೆದ ಪತ್ರಕ್ಕೆ ತೂಕ ಹೆಚ್ಚು, ಅವರು ಹೊಸದಾಗಿ ಸೇರಿದವರಾದರೂ ಸರಿ. "ನೀನೇ ಬರೆದು ತಾ, ಸಹಿ ಹಾಕ್ತೇನೆ" ಎನ್ನುವವರಿದ್ದಾರೆ. ಒಪ್ಪಬೇಡಿ. ಪತ್ರ ಸುಳ್ಳಾಗುತ್ತದೆ ಎನ್ನುವುದೊಂದು. ಮೂರೂ ಪತ್ರದಲ್ಲಿ ಒಂದೇ ಕೈಯ ಇಂಗ್ಲಿಷ್ ಇದ್ದರೆ ಓದಿ ಪಳಗಿದವರಿಗೆ ತಕ್ಷಣ ತಿಳಿಯುತ್ತದೆ ಎನ್ನುವುದು ಇನ್ನೊಂದು. ಬದಲಿಗೆ ಅವರಿಗೆ ಸುಲಭವಾಗುವ ಹಾಗೆ ಒಂದು ಪುಟದ ಟಿಪ್ಪಣಿ ಕೊಡಿ: ಅವರ ಬಳಿ ಓದಿದ ಕೋರ್ಸು, ವರ್ಷ, ಬರೆದ ಪೇಪರಿನ ವಿಷಯ, ಅವರು ಅದರ ಮೇಲೆ ಬರೆದ ಷರಾ, ಈಗಿನ ಸ್ಯಾಂಪಲ್, ಎಸ್‌ಒಪಿಯ ಕರಡು, ವಿಶ್ವವಿದ್ಯಾಲಯಗಳ ಪಟ್ಟಿ ದಿನಾಂಕ ಸಹಿತ. ಪೋರ್ಟಲ್‌ಗಳು ಅಧ್ಯಾಪಕರ ಸಂಸ್ಥೆಯ ಇಮೇಲನ್ನು ಕೇಳುತ್ತವೆ, ನಮ್ಮ ಅಧ್ಯಾಪಕರು ಹೆಚ್ಚಾಗಿ ಬಳಸುವುದು ಜಿಮೇಲ್. ಕಾಲೇಜಿನ ಇಮೇಲ್ ಇದ್ದರೆ ಅದನ್ನೇ ಕೊಡಲು ವಿನಂತಿಸಿ, ಇಲ್ಲದಿದ್ದರೆ ಪತ್ರ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಸಹಿ, ಹುದ್ದೆ ಸಹಿತ ಇರಲಿ. ಪತ್ರವನ್ನು ನೋಡುವ ಹಕ್ಕು ಬಿಟ್ಟುಕೊಡುತ್ತೀರಾ ಎಂದು ಅಮೆರಿಕದ ಫಾರ್ಮು ಕೇಳಿದರೆ ಹೌದು ಎನ್ನಿ, ಇಲ್ಲವೆಂದರೆ ಪತ್ರದ ಬೆಲೆ ತಗ್ಗುತ್ತದೆ.

ಇನ್ನು ಹೆಸರಿನ ತೊಡಕು. ಇದು ಮಹಾರಾಷ್ಟ್ರದ ಕನ್ನಡಿಗರಿಗೇ ವಿಶೇಷವಾಗಿ ಕಾಡುವಂಥದ್ದು. ಮುಂಬಯಿ ವಿಶ್ವವಿದ್ಯಾಲಯದ ಮಾರ್ಕ್‌ಶೀಟಿನಲ್ಲಿ ಮೊದಲು ಸರ್‌ನೇಮ್, ಆಮೇಲೆ ನಿಮ್ಮ ಹೆಸರು, ತಂದೆಯ ಹೆಸರು, ಕೊನೆಗೆ ತಾಯಿಯ ಹೆಸರು. ಪಾಸ್‌ಪೋರ್ಟಿನಲ್ಲಿ ತಾಯಿಯ ಹೆಸರು ನಿಮ್ಮ ಹೆಸರಿನ ಭಾಗವಲ್ಲ. ವಿದೇಶದ ಗುಮಾಸ್ತರು ಮಾರ್ಕ್‌ಶೀಟಿನ ಕೊನೆಯ ಪದವನ್ನೇ ಸರ್‌ನೇಮ್ ಎಂದುಕೊಂಡು ತಾಯಿಯ ಹೆಸರಿನಲ್ಲಿ ಫೈಲು ಮಾಡಿಬಿಡುತ್ತಾರೆ. ಅರ್ಜಿ ಒಂದು ಹೆಸರಿನಲ್ಲಿ, ಅಂಕಪಟ್ಟಿ ಇನ್ನೊಂದರಲ್ಲಿ, "ದಾಖಲೆ ಬಂದಿಲ್ಲ" ಎಂದು ಇಮೇಲ್. ಅದರ ಮೇಲೆ ಪೂಜಾರಿ ಎಂಬುದಕ್ಕೆ ಇಂಗ್ಲಿಷಿನಲ್ಲಿ ಮೂರು ಸ್ಪೆಲ್ಲಿಂಗ್, ಹೆಗಡೆ ಮತ್ತು ಹೆಗ್ಡೆ, ಹತ್ತನೆಯ ತರಗತಿಯ ಸರ್ಟಿಫಿಕೇಟಿನಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ಅರ್ಜಿ, ಐಇಎಲ್‌ಟಿಎಸ್, ಶಿಫಾರಸು ಪತ್ರ ಎಲ್ಲವೂ ಪಾಸ್‌ಪೋರ್ಟಿನ ಹೆಸರಿನಲ್ಲೇ ಇರಲಿ. ಅಂಕಪಟ್ಟಿಯ ಸ್ಕ್ಯಾನಿನ ಜೊತೆ ಹೆಸರಿನ ಕ್ರಮ ವಿವರಿಸುವ ನಾಲ್ಕು ಸಾಲಿನ ಟಿಪ್ಪಣಿ ಸೇರಿಸಿ. ಸ್ಪೆಲ್ಲಿಂಗೇ ಬೇರೆಯಿದ್ದರೆ ಇಬ್ಬರೂ ಒಬ್ಬರೇ ಎಂಬ ನೋಟರಿ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ. ಉತ್ತರ ಕರ್ನಾಟಕದಿಂದ ಪುಣೆಗೆ, ಕಾರವಾರದಿಂದ ಗೋವಾಕ್ಕೆ ಓದಲು ಬಂದವರಲ್ಲಿ ಪಾಸ್‌ಪೋರ್ಟಿನ ಸರ್‌ನೇಮ್ ಜಾಗ ಖಾಲಿ ಇರುವವರಿದ್ದರೆ ಅರ್ಜಿಗೆ ಮುಂಚೆಯೇ ಅದನ್ನು ಸರಿಪಡಿಸಿಕೊಳ್ಳುವುದು ಮೇಲು. ಇಲ್ಲದಿದ್ದರೆ ಅಮೆರಿಕದ ವೀಸಾದಲ್ಲಿ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಎಂಬ ಮೂರು ಅಕ್ಷರ ಬಂದು ಕೂರುತ್ತದೆ.

ಟ್ರಾನ್ಸ್‌ಕ್ರಿಪ್ಟ್ ಮತ್ತು ಮಾರ್ಕ್‌ಶೀಟ್ ಒಂದೇ ಅಲ್ಲ. ಮಾರ್ಕ್‌ಶೀಟ್ ಸೆಮಿಸ್ಟರಿಗೊಂದು, ಟ್ರಾನ್ಸ್‌ಕ್ರಿಪ್ಟ್ ಎಲ್ಲವನ್ನೂ ಒಟ್ಟು ಮಾಡಿದ್ದು. ಅದಕ್ಕೆ ಕಾಲೇಜು, ವಿಶ್ವವಿದ್ಯಾಲಯ ಎರಡೂ ಕಡೆ ಓಡಾಟ ಇರುವುದರಿಂದ ಆಗಸ್ಟಿನಲ್ಲೇ ಕೇಳಿ, ಗಣೇಶೋತ್ಸವ, ದೀಪಾವಳಿ ರಜೆಯ ಲೆಕ್ಕವೂ ಇರಲಿ. ಅಮೆರಿಕದ ಬಹುತೇಕ ವಿಶ್ವವಿದ್ಯಾಲಯಗಳಿಗೆ ಅರ್ಜಿಯ ಹಂತದಲ್ಲಿ ಸ್ಕ್ಯಾನ್ ಸಾಕು, ಮೊಹರು ಹಾಕಿದ ಲಕೋಟೆ ಸೀಟು ಸಿಕ್ಕ ಮೇಲೆ. ಹತ್ತು ಲಕೋಟೆ ಮೊದಲೇ ಮಾಡಿಸಿ ದುಡ್ಡು ಕಳೆಯಬೇಡಿ. ಸಿಜಿಪಿಎಯನ್ನು ನೀವಾಗಿ 4ರ ಮಾಪಕಕ್ಕೆ ಪರಿವರ್ತಿಸಬೇಡಿ. 10ಕ್ಕೆ ಎಷ್ಟಿದೆಯೋ ಅಷ್ಟನ್ನೇ ಬರೆಯಿರಿ. ಎಟಿಕೆಟಿ ಬಿದ್ದಿದ್ದರೆ, ಅಂದರೆ ಯಾವುದಾದರೂ ಪೇಪರು ಫೇಲಾಗಿ ಮತ್ತೆ ಬರೆದಿದ್ದರೆ, ಮುಚ್ಚಿಡಲು ಹೋಗಬೇಡಿ, ಹೆಚ್ಚುವರಿ ಮಾಹಿತಿಯ ಜಾಗದಲ್ಲಿ ಯಾವ ಪೇಪರು, ಯಾವಾಗ ತೀರಿತು ಎಂದು ಎರಡು ವಾಕ್ಯ ಬರೆದು ಮುಗಿಸಿ. ಎಸ್‌ಒಪಿಯಲ್ಲಿ ಅದಕ್ಕೆ ಜಾಗ ಬೇಡ.

ಇಲ್ಲೇ ಓದುವವರಿಗೆ ಲೆಕ್ಕ ಬೇರೆ. ಜೆಎನ್‌ಯು, ದೆಹಲಿ ವಿಶ್ವವಿದ್ಯಾಲಯದಂಥ ಕೇಂದ್ರೀಯ ವಿಶ್ವವಿದ್ಯಾಲಯಗಳ ಎಂ.ಎ.ಗೆ ಸಿಯುಇಟಿ ಪಿಜಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ: 75 ಪ್ರಶ್ನೆ, ಸರಿಯುತ್ತರಕ್ಕೆ 4, ತಪ್ಪಿಗೆ 1 ಕಳೆತ. ನಾಲ್ಕರಲ್ಲಿ ಎರಡು ಉತ್ತರ ತಪ್ಪೆಂದು ಖಚಿತವಿದ್ದಾಗ ಊಹಿಸುವುದು ಲಾಭ. ಕಾಲಾನುಕ್ರಮ, ಛಂದಸ್ಸು, ಸಾಹಿತ್ಯ ಪರಿಭಾಷೆ, ವಿಮರ್ಶಾ ಪಂಥಗಳು ಸಿದ್ಧವಿರಬೇಕು. ಮುಂಬಯಿ ಮತ್ತು ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯಗಳದ್ದು ಅವರವರದೇ ಪ್ರಕ್ರಿಯೆ. ತಾಳಗಾಂವ್ ಗುಡ್ಡದ ಗೋವಾ ವಿಶ್ವವಿದ್ಯಾಲಯದ್ದು ಜಿಯು ಆರ್ಟ್ ಎಂಬ ಪರೀಕ್ಷೆ. ಕೆಲಸ ಬಿಡಲಾಗದವರಿಗೆ ದೂರಶಿಕ್ಷಣದ ಇಗ್ನೋ ವಿಶ್ವವಿದ್ಯಾಲಯದ ಎಂ.ಎ. ಇಂಗ್ಲಿಷ್ ಪ್ರವೇಶ ಪರೀಕ್ಷೆಯಿಲ್ಲದೆ ಸಿಗುತ್ತದೆ.

ಇಲ್ಲಿನ ಪಿಎಚ್‌.ಡಿ.ಗೆ 2024ರ ಜೂನ್ ಸುತ್ತಿನಿಂದ, ಅಧ್ಯಾಪಕರಾಗಲು ಬರೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್‌ನ ಅಂಕವೇ ಪ್ರವೇಶಕ್ಕೂ ಬಳಕೆಯಾಗುತ್ತಿದೆ. ಎರಡು ಪತ್ರಿಕೆ, ಒಟ್ಟು 150 ಪ್ರಶ್ನೆ, 300 ಅಂಕ, ಮೂರು ಗಂಟೆ, ನೆಗೆಟಿವ್ ಅಂಕ ಇಲ್ಲ. ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಅದರಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಬಂದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಜೆಆರ್‌ಎಫ್ ಇಲ್ಲದೆ ಅರ್ಹರಾದವರಿಗೆ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30, ಆ ಅಂಕ ಪ್ರವೇಶಕ್ಕೆ ಒಂದು ವರ್ಷ ಮಾತ್ರ ನಡೆಯುತ್ತದೆ. ಪುಣೆ ವಿಶ್ವವಿದ್ಯಾಲಯ ಮಹಾರಾಷ್ಟ್ರ ಮತ್ತು ಗೋವಾಕ್ಕೆಂದು ನಡೆಸುವ ಸೆಟ್ ಪರೀಕ್ಷೆ ಕಾಲೇಜಿನಲ್ಲಿ ಪಾಠ ಮಾಡಲು ಅರ್ಹತೆ ಕೊಡುತ್ತದೆ, ಫೆಲೋಶಿಪ್ ಕೊಡುವುದಿಲ್ಲ. ಸಂದರ್ಶನದಲ್ಲಿ ಕೇಳುವುದು ಮತ್ತೆ ಅದೇ: ನಿಮ್ಮ ಪ್ರಶ್ನೆ ಏನು?

ಹಣದ ಮಾತು. ಅಮೆರಿಕದ ಅರ್ಜಿ ಶುಲ್ಕ ಸುಮಾರು 75ರಿಂದ 125 ಡಾಲರ್. ಎಂಟು ಕಡೆ, ತಲಾ 90 ಎಂದರೆ 720 ಡಾಲರ್, ಡಾಲರಿಗೆ 85 ರೂಪಾಯಿಯಂತೆ ಹಿಡಿದರೂ 61,200. ಶುಲ್ಕ ವಿನಾಯಿತಿ ಇದೆಯೇ ಎಂದು ಅಕ್ಟೋಬರಿನಲ್ಲೇ ಬರೆದು ಕೇಳಿ, ಡಿಸೆಂಬರಿನಲ್ಲಿ ಕೇಳಿದರೆ ಸಮಯ ಮೀರಿರುತ್ತದೆ. ಬ್ರಿಟನ್ನಿಗೆ ಫೀಲಿಕ್ಸ್ ಸ್ಕಾಲರ್‌ಶಿಪ್ ಇದೆ, ಆಕ್ಸ್‌ಫರ್ಡ್, ರೆಡಿಂಗ್ ಮತ್ತು ಲಂಡನ್ನಿನ ಸೋವಾಸ್ (SOAS) ವಿಶ್ವವಿದ್ಯಾಲಯಗಳಿಗೆ. ಬ್ರಿಟನ್ ಸರ್ಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್‌ಗೆ ಎರಡು ವರ್ಷದ, ಅಂದರೆ 2,800 ಗಂಟೆಯ ಕೆಲಸದ ಅನುಭವ ಬೇಕು. ಮುಂಬಯಿಯದೇ ಆದ ಜೆ.ಎನ್. ಟಾಟಾ ಎಂಡೋಮೆಂಟ್ 1892ರಿಂದ ನಡೆದು ಬಂದಿದೆ. ಅದೂ ಕೆ.ಸಿ. ಮಹೀಂದ್ರಾ ಸ್ಕಾಲರ್‌ಶಿಪ್ಪೂ ತೀರಿಸಬೇಕಾದ ಸಾಲಗಳು, ಹೆಸರು ನೋಡಿ ಪುಕ್ಕಟೆ ಎಂದುಕೊಳ್ಳಬೇಡಿ. ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್‌ನಲ್ಲಿ 2022ರಲ್ಲಿ ಭಾರತೀಯ ಸಂಸ್ಕೃತಿ, ಪರಂಪರೆ, ಇತಿಹಾಸದ ಮೇಲಿನ ವಿಷಯಗಳನ್ನು ಹೊರಗಿಟ್ಟರು. ಕನ್ನಡದ ಪಠ್ಯ ಹಿಡಿದ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗೆ ಇದು ನೇರ ಪೆಟ್ಟು, ನನ್ನ ಮಟ್ಟಿಗೆ ಅನ್ಯಾಯವೂ ಹೌದು. ಆ ವರ್ಷದ ನಿಯಮಾವಳಿ ಓದಿಯೇ ವಿಷಯದ ಶೀರ್ಷಿಕೆ ಬರೆಯಿರಿ.

ಅಮೆರಿಕದ ಅರ್ಜಿಗಳ ಕೊನೆಯ ದಿನ ಬಹುತೇಕ ಡಿಸೆಂಬರ್ 1ರಿಂದ ಜನವರಿ ಮೊದಲ ವಾರದೊಳಗೆ. ಪೂರ್ವ ಕರಾವಳಿಯ ರಾತ್ರಿ 11:59 ಎಂದರೆ ನಮಗೆ ಮರುದಿನ ಬೆಳಿಗ್ಗೆ 10:29, ಪಶ್ಚಿಮ ಕರಾವಳಿಯದ್ದಾದರೆ ಮಧ್ಯಾಹ್ನ 1:29. ಕೆಲವು ಕಡೆ ಸಂಜೆ 5ಕ್ಕೇ ಮುಚ್ಚುತ್ತಾರೆ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವ್ಯವಹಾರವನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಮೊದಲೇ ಆನ್ ಮಾಡಿ, ಒಂದು ವಾರ ಮುಂಚೆ ಒಂದು ಅರ್ಜಿಯ ಶುಲ್ಕ ಕಟ್ಟಿ ನೋಡಿ. ಸಲ್ಲಿಸಿದ ಮೇಲೂ ಪೋರ್ಟಲಿನ ಚೆಕ್‌ಲಿಸ್ಟ್ ತೆರೆದು ಮೂರೂ ಪತ್ರ ಬಂದಿದೆಯೇ ಎಂದು ವಾರಕ್ಕೊಮ್ಮೆ ನೋಡುತ್ತಿರಿ.

ಉತ್ತರಗಳು ಫೆಬ್ರವರಿ, ಮಾರ್ಚಿನಲ್ಲಿ ಬರುತ್ತವೆ. ಹಣ ಸಹಿತ ಸೀಟು ಕೊಟ್ಟ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವು ಏಪ್ರಿಲ್ 15ರವರೆಗೆ ನಿರ್ಧಾರಕ್ಕೆ ಕಾಲ ಕೊಡುವ ಒಪ್ಪಂದಕ್ಕೆ ಸಹಿ ಹಾಕಿವೆ, ಅದಕ್ಕೂ ಮುಂಚೆ ಒತ್ತಾಯಿಸಿದರೆ ಗಾಬರಿಯಾಗಬೇಕಿಲ್ಲ. ಎರಡು ಸೀಟು ಕೈಯಲ್ಲಿದ್ದು ಒಂದು ಬೇಡವೆಂದು ತೀರ್ಮಾನವಾಗಿದ್ದರೆ ಅವತ್ತೇ ಎರಡು ಸಾಲಿನ ಇಮೇಲ್ ಬರೆದು ಬಿಟ್ಟುಕೊಡಿ. ಆ ಸೀಟಿಗಾಗಿ ವೇಟ್‌ಲಿಸ್ಟಿನಲ್ಲಿ ಯಾರೋ ಒಬ್ಬರು ದಿನಕ್ಕೆ ಹತ್ತು ಸಲ ಇನ್‌ಬಾಕ್ಸ್ ತೆರೆದು ನೋಡುತ್ತಿರುತ್ತಾರೆ.